ಫೆಬ್ರುವರಿಗೆ ಎಷ್ಟು ದಿನ?

ಹಾಸನದ ನಮ್ಮ ಕಾಲೇಜಿಗೆ ನಾನು ಸೇರಿದ್ದು 1994ರಲ್ಲಿ. ಸಿಇಟಿ ಶುರುವಾದ ವರ್ಷ ಅದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವನಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತ್ತು. ಕಂಪ್ಯೂಟರ್ ಮುಟ್ಟಿದ್ದೇ ಇಲ್ಲಿಗೆ ಬಂದ ಮೇಲೆ.

ಲ್ಯಾಬಿಗೆ ಹೋಗಬೇಕಾದರೆ ದೇವಸ್ಥಾನದ ಹಾಗೆ ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗೆ ತಣ್ಣಗೆ ಎಸಿ, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಟರ್ಬೋ ಸಿ ನೀಲಿ ಪರದೆ, ಒಂದು ಮೆಷೀನಿಗೆ ಮೂವರು. ಕೀಬೋರ್ಡ್ ಕೈಗೆ ಬರುವ ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು. ಅದಕ್ಕೇ ಮೇಡಂ ಒಂದು ಕಟ್ಟುನಿಟ್ಟು ಮಾಡಿದ್ದರು. ಪ್ರೋಗ್ರಾಂ ಮೊದಲೇ ಬರೆದುಕೊಂಡು, ಪೆನ್ಸಿಲ್ ಹಿಡಿದು ಡ್ರೈ ರನ್ ಮಾಡಿಕೊಂಡೇ ಬರಬೇಕು. ಪ್ರೋಗ್ರಾಂನಲ್ಲಿ ಐ ಅನ್ನುವುದರ ಬೆಲೆ ಈಗ 1, ಈಗ 2, ಈಗ 3... ಒಂದೊಂದೇ ಸಾಲು ನಾವೇ ಕಂಪ್ಯೂಟರ್ ಆಗಿ ಓಡಬೇಕು. ಹಾಸ್ಟೆಲ್‌ನಲ್ಲಿ ರಾತ್ರಿ ಕೂತು ಎಷ್ಟು ಬೈದುಕೊಂಡಿದ್ದೀವೋ.

ಒಂದು ವಾರ ಅಧಿಕ ವರ್ಷದ ಪ್ರೋಗ್ರಾಂ. 4ರಿಂದ ಭಾಗವಾದರೆ ಅಧಿಕ ವರ್ಷ, ಆದರೆ 100ರಿಂದ ಭಾಗವಾದರೆ ಅಲ್ಲ ಅಂತ ಬರೆದೆ. ಬೇರೆಯವರು 4ಕ್ಕೇ ನಿಲ್ಲಿಸಿದ್ದರು, ನನಗೆ ಜಂಬ. ಮೇಡಂ ರೆಕಾರ್ಡ್ ನೋಡಿ, "ಏನಪ್ಪಾ, ನಿನ್ನ ಲೆಕ್ಕದಲ್ಲಿ 2000ನೇ ಇಸವಿ ಫೆಬ್ರುವರಿಗೆ ಎಷ್ಟು ದಿನ?" ಅಂದರು.

"ಇಪ್ಪತ್ತೆಂಟು, ಮೇಡಂ."

ಕೆಂಪು ಇಂಕಿನಲ್ಲಿ "400?" ಅಂತ ಬರೆದು ಪುಸ್ತಕ ವಾಪಸ್ ಕೊಟ್ಟರು. 1900 ಅಧಿಕ ವರ್ಷ ಅಲ್ಲ, 2000 ಮಾತ್ರ ಹೌದು. 400ರಿಂದ ಭಾಗವಾಗುತ್ತದಲ್ಲ! ಇಡೀ ಪ್ರೋಗ್ರಾಂ ಮತ್ತೆ ಬರೆಸಿದರು.

1998ರಲ್ಲಿ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಇಂಟರ್‌ವ್ಯೂನಲ್ಲಿ ಕೇಳಿದ್ದೆಲ್ಲ ಸಿ, ಕೈಗೆ ಕೊಟ್ಟಿದ್ದು ಕೊಬಾಲ್ ಅನ್ನುವ ಹಳೇ ಕಂಪ್ಯೂಟರ್ ಭಾಷೆ! ವೈಟುಕೆ, ಅಂದರೆ 2000ನೇ ಇಸವಿ ಬಂದರೆ ಕಂಪ್ಯೂಟರ್ ಕೆಡುತ್ತೆ ಅನ್ನುವ ಭಯದ ಕಾಲ ಅಲ್ವಾ, ಎಲ್ಲರದೂ ಅದೇ ಕಥೆ. ಮೆಮೊರಿ ದುಬಾರಿಯಿದ್ದ ಕಾಲದವರು ಇಸವಿಗೆ ಎರಡೇ ಅಂಕೆ ಇಟ್ಟಿದ್ದರು. 99 ಆದ ಮೇಲೆ 00 ಬಂದರೆ ಕಂಪ್ಯೂಟರ್ ಅದನ್ನು 1900 ಅಂದುಕೊಂಡರೆ? 1960ರಲ್ಲಿ ಹುಟ್ಟಿದವನ ವಯಸ್ಸು ಮೈನಸ್ ಅರವತ್ತು. ನಾವು ಮಾಡುತ್ತಿದ್ದ ರಿಪೇರಿ ಸುಲಭದ್ದೇ: 50ಕ್ಕಿಂತ ಕಡಿಮೆಯಿದ್ದರೆ ಮುಂದೆ 20 ಸೇರಿಸು, ಇಲ್ಲದಿದ್ದರೆ 19. ಕಷ್ಟ ಇದ್ದದ್ದು ಎಲ್ಲೆಲ್ಲಿ ಸೇರಿಸಬೇಕು ಅಂತ ಹುಡುಕುವುದರಲ್ಲಿ. ನನಗಿಂತ ವಯಸ್ಸಾದ ಕೋಡು, ಬರೆದವರು ಯಾರೋ. ಮೇಜಿನ ಮೇಲೆ ಮೊಣಕೈ ಎತ್ತರದ ಪ್ರಿಂಟೌಟ್, ಕೈಯಲ್ಲಿ ಪೆನ್ಸಿಲ್. ಮತ್ತೆ ಅದೇ ಡ್ರೈ ರನ್. ಜೊತೆಯವರು ಒದ್ದಾಡುತ್ತಿದ್ದರು. ನನಗೆ ಹಾಸ್ಟೆಲ್ ರೂಮಿನಲ್ಲಿ ಕೂತ ಹಾಗಿತ್ತು.

ಹಾಗೆ ಓಡುತ್ತಾ ಒಂದು ಮಧ್ಯಾಹ್ನ ಬಡ್ಡಿ ಲೆಕ್ಕದ ಪ್ರೋಗ್ರಾಂನಲ್ಲಿ ಆ ಸಾಲು ಸಿಕ್ಕಿತು. 4 ಇದೆ, 100 ಇದೆ, 400 ಇಲ್ಲ. ಥೇಟ್ ನನ್ನ ರೆಕಾರ್ಡ್ ಪುಸ್ತಕ. ತಮಾಷೆ ಏನು ಅಂದರೆ, ಬರೀ 4ರ ನಿಯಮ ಗೊತ್ತಿದ್ದವರ ಕೋಡಿಗೆ 2000ದಲ್ಲಿ ಏನೂ ಆಗುತ್ತಿರಲಿಲ್ಲ. ಪೂರ್ತಿ ಗೊತ್ತಿದ್ದವರದ್ದೂ ಸರಿ. ಸಿಕ್ಕಿಬೀಳುತ್ತಿದ್ದದ್ದು ನನ್ನಂಥ ಮುಕ್ಕಾಲು ಬುದ್ಧಿವಂತರು ಮಾತ್ರ.

ಡಿಸೆಂಬರ್ 31ರ ರಾತ್ರಿ ಆಫೀಸಿನಲ್ಲೇ ಇದ್ದೆವು. ಏನೂ ಆಗಲಿಲ್ಲ, ಕೇಕ್ ತಿಂದೆವು. ನನ್ನ ಮನಸ್ಸು ಇದ್ದದ್ದು ಇನ್ನೊಂದು ದಿನದ ಮೇಲೆ. 2000ದ ಫೆಬ್ರುವರಿ 29, ಮಂಗಳವಾರ. ನಮ್ಮ ಪ್ರೋಗ್ರಾಂ ಓಡುತ್ತಿದ್ದದ್ದು ನ್ಯೂಯಾರ್ಕಿನ ಲೆಕ್ಕದಲ್ಲಿ; ಚಳಿಗಾಲದಲ್ಲಿ ನಮ್ಮ ಬೆಳಗಿನ ಹತ್ತೂವರೆಗೆ ಅಲ್ಲಿ ತಾರೀಖು ಬದಲಾಗುತ್ತದೆ. ಕಾಫಿಗೂ ಏಳದೆ ಕೂತಿದ್ದೆ. ರಿಪೋರ್ಟ್ ಬಂತು. ತಲೆಬರಹದಲ್ಲಿ ಫೆಬ್ರುವರಿ 29 ಅಂತಲೇ ಇತ್ತು. ಪಕ್ಕದವನನ್ನು ಕರೆದು ತೋರಿಸಿದೆ.

"ಅದರಲ್ಲೇನಿದೆ? ಇವತ್ತು ಇಪ್ಪತ್ತೊಂಬತ್ತೇ ಅಲ್ವಾ?" ಅಂದ.