ಕೌದಿಯ ಅಂಚಿಗೆ ಫ್ರಿಲ್

ಕೌದಿ ಹೊಲಿದಾಯ್ತು, ಸುತ್ತಲೂ ಫ್ರಿಲ್ ಹಾಕಬೇಕು ಅಂತಿದ್ದರೆ ಮೊದಲು ಬಟ್ಟೆಯ ಲೆಕ್ಕ ನೋಡಿಕೊಳ್ಳಿ. 60 ಇಂಚು ಅಗಲ, 90 ಇಂಚು ಉದ್ದದ ಕೌದಿಯ ಸುತ್ತಳತೆ 300 ಇಂಚು. ನೆರಿಗೆ ತುಂಬಿಕೊಂಡು ಕಾಣಬೇಕಾದರೆ ಪಟ್ಟಿ ಅದರ ಎರಡರಷ್ಟು, ಅಂದರೆ 600 ಇಂಚು ಇರಬೇಕು. 5.5 ಮೀಟರಿನ (ಸುಮಾರು 216 ಇಂಚು) ಹಳೆ ಕಾಟನ್ ಸೀರೆಯಲ್ಲಿ ಉದ್ದಕ್ಕೆ 6 ಇಂಚಿನ 3 ಪಟ್ಟಿ ಕತ್ತರಿಸಿ ಜೋಡಿಸಿ, ಮಧ್ಯಕ್ಕೆ ಮಡಚಿ ನೆರಿಗೆ ಹಿಡಿದರೆ ಸಾಕಾಗುತ್ತದೆ. ಮೂಲೆಗಳಲ್ಲಿ ಮಾತ್ರ ನೆರಿಗೆ ಜಾಸ್ತಿ ಕೊಡಿ. ಕಡಿಮೆ ಆದರೆ ಅಲ್ಲಿ ಫ್ರಿಲ್ ಬಿಡಿಸಿಕೊಳ್ಳದೆ ಒಳಗೆ ಎಳೆದುಕೊಳ್ಳುತ್ತದೆ.

ಲೇಸ್ ಇಷ್ಟವಾದರೆ ಕಾಟನ್ನಿನದೇ ತಗೊಳ್ಳಿ, ನೀರಲ್ಲಿ ನೆನೆಸಿ ಒಣಗಿಸಿ ಆಮೇಲೆ ಹೊಲಿಯಿರಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಅಂಚೆಲ್ಲಾ ಸುಕ್ಕಾಗುತ್ತದೆ. ತೆಳು ನೆಟ್ ಲೇಸ್ ನನಗಂತೂ ಬೇಡ. ನೀರು ಕುಡಿದ ಕೌದಿ ಎಷ್ಟು ಭಾರ ಅಲ್ವಾ, ಹಿಂಡುವಾಗ ಆ ಲೇಸ್ ತಡೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೆಲಸ. ಹಳಿಯಾಳ, ಯಲ್ಲಾಪುರದ ಕಡೆ ಅವರು ಕೌದಿಯ ನಾಲ್ಕು ಮೂಲೆಗೂ ಪದರ ಪದರವಾಗಿ ಮಡಚಿದ ಬಣ್ಣದ ಬಟ್ಟೆಯ 'ಫುಲಾ' ಹೊಲಿಯುತ್ತಾರೆ. ಅದಿಲ್ಲದೆ ಕೌದಿ ಮುಗಿಯಿತು ಅನ್ನುವುದೇ ಇಲ್ಲ. ಫ್ರಿಲ್‌ಗೆ ಬಟ್ಟೆ ಸಾಲದಿದ್ದರೆ ಬರೀ ಮೂಲೆಗಳಿಗೆ ಇದನ್ನು ಹಾಕಿ ನೋಡಿ, ತುಂಬಾ ಚೆನ್ನಾಗಿ ಕಾಣುತ್ತದೆ.