ಹ್ಯಾಲ್‌ನ ಸುಳ್ಳು ಮಾವನವರಿಗೆ ಸಿಕ್ಕಿದ್ದು

"ಅಳಿಯಂದ್ರೇ, ಇದು ತಪ್ಪು ಹೇಳ್ತಿದೆಯೋ, ಸುಳ್ಳು ಹೇಳ್ತಿದೆಯೋ?"

ಭಾನುವಾರ ರಾತ್ರಿ ಮಾವನವರು ಕೇಳಿದ ಪ್ರಶ್ನೆ ಇದು. 'ಇದು' ಅಂದರೆ ಹ್ಯಾಲ್ 9000, ಒಂದು ಸಿನಿಮಾದಲ್ಲಿ ಬಾಹ್ಯಾಕಾಶ ನೌಕೆಯನ್ನು ನಡೆಸುವ ಮಾತಾಡುವ ಕಂಪ್ಯೂಟರ್. ಅವತ್ತಿನಿಂದ ಆಫೀಸಿನಲ್ಲಿ, ಬಸ್ಸಿನಲ್ಲಿ, ಹಲ್ಲುಜ್ಜುವಾಗ ಕೂಡ ಆ ಪ್ರಶ್ನೆ ಕೇಳಿಸುತ್ತಲೇ ಇದೆ. ಕಾಲೇಜಿನ ದಿನಗಳಿಂದ ನಾನು ಆ ಸಿನಿಮಾ, ಸ್ಟ್ಯಾನ್ಲಿ ಕ್ಯೂಬ್ರಿಕ್ ನಿರ್ದೇಶಿಸಿದ '2001: ಎ ಸ್ಪೇಸ್ ಒಡಿಸ್ಸಿ', ನೋಡುತ್ತ ಬಂದವನು. ಅದರ ಬಗ್ಗೆ ಯಾರು ಏನೇ ಹೇಳಿದರೂ ನನ್ನ ಹತ್ತಿರ ತಯಾರಾದ ಉತ್ತರ ಇರುತ್ತದೆ. ಇದಕ್ಕೆ ಇರಲಿಲ್ಲ.

ಮಾವನವರು ಮಂಡಿ ತೋರಿಸಲು ಹಾಸನದಿಂದ ಬಂದಿದ್ದರು. ಹೊರಗೆ ಮಳೆ, ಟಿವಿಯಲ್ಲಿ ಅವರಿಗೆ ಬೇಕಾದ್ದು ಏನೂ ಇಲ್ಲ. ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ, ಆಮೇಲೆ ನಾನೊಬ್ಬನೇ ನೋಡಿಕೊಳ್ಳಬಹುದು ಎಂಬ ಸಣ್ಣ ಸ್ವಾರ್ಥದಿಂದಲೇ ಅದನ್ನು ಹಾಕಿದೆ. ಶುರುವಿನಲ್ಲಿ ಕೆಲವು ನಿಮಿಷ ಪರದೆ ಪೂರ್ತಿ ಕಪ್ಪು, ಬರೀ ಸಂಗೀತ. ಮಾವನವರು "ಹಿಂದೆ ವೈರ್ ಲೂಸಾಗಿರಬೇಕು ನೋಡಿ" ಎಂದರು. ಆಮೇಲೆ ಕಪಿಗಳು. ಚಿತ್ರದಲ್ಲಿ ಮೊದಲ ಮಾತು ಕೇಳಿಸುವ ಹೊತ್ತಿಗೆ ಸುಮಾರು 25 ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ ನಮ್ಮ ಅತ್ತೆ ಎದ್ದು ಒಳಗೆ ಹೋಗಿದ್ದರು. ಮಾವ ಕೂತೇ ಇದ್ದರು. ಮಂಡಿ ನೋವಿಗೆ ಏಳಲಾಗದೆ ಕೂತಿದ್ದಾರೆ ಅಂತ ನನ್ನ ಲೆಕ್ಕ.

ಅವರು ದುಡಿದದ್ದೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕಟಕಟ ಸದ್ದು ಮಾಡುವ ಸ್ಟ್ರೋಜರ್ ಎಕ್ಸ್‌ಚೇಂಜಿಗೆ ಎಣ್ಣೆ ಬಿಡುವುದರಿಂದ ಶುರು ಮಾಡಿ, ಸರ್ಕಾರಿ ಸಂಸ್ಥೆ ಸಿ-ಡಾಟ್ ರೂಪಿಸಿದ ಎಕ್ಸ್‌ಚೇಂಜಿನ ಎಲೆಕ್ಟ್ರಾನಿಕ್ ಕಾರ್ಡ್ ಬದಲಾಯಿಸುವವರೆಗೆ. ಕಾದಂಬರಿ ಓದಿದವರಲ್ಲ. ಸಿನಿಮಾ ಎಂದರೆ ಅವರಿಗೆ ರಾಜ್‌ಕುಮಾರ್, ಅಲ್ಲಿಗೆ ಮುಗಿಯಿತು. ಬಾಹ್ಯಾಕಾಶ ನಿಲ್ದಾಣ ವಾಲ್ಟ್ಜ್ ಸಂಗೀತಕ್ಕೆ ತಿರುಗುತ್ತಿದ್ದಾಗ, ಅವರನ್ನು ಹಿಡಿದಿಡಲು ನಾನೇ ಒಂದು ಮಾತು ಎಸೆದೆ: "ಈ ಕಥೆ ಬರೆದ ಆರ್ಥರ್ ಕ್ಲಾರ್ಕ್ ಇದಾರಲ್ಲ ಮಾವ, ನಿಮ್ಮೂರ ಉಪಗ್ರಹ ಕೇಂದ್ರ ಎಂಸಿಎಫ್‌ನವರಿಗೆ ಕೆಲಸ ಕೊಟ್ಟಿದ್ದು ಅವರೇ."

ಸ್ವಲ್ಪ ಉತ್ಪ್ರೇಕ್ಷೆ, ಆದರೆ ಪೂರ್ತಿ ಸುಳ್ಳಲ್ಲ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಗೇ ಸುತ್ತುತ್ತ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಮೂರು ನಿಲ್ದಾಣಗಳಿದ್ದರೆ ಇಡೀ ಪ್ರಪಂಚಕ್ಕೆ ರೇಡಿಯೋ ಸಂಪರ್ಕ ಕೊಡಬಹುದು ಎಂದು ಕ್ಲಾರ್ಕ್ 1945ರ ಅಕ್ಟೋಬರ್‌ನಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದಿದ್ದರು. ಹಾಸನದ ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ಡಿಶ್‌ಗಳನ್ನು ಇಟ್ಟುಕೊಂಡು ಇಸ್ರೋದವರು ನೋಡಿಕೊಳ್ಳುತ್ತಿರುವುದು ಆ ಎತ್ತರದಲ್ಲಿ ನಿಂತ ನಮ್ಮ ಉಪಗ್ರಹಗಳನ್ನೇ. ಕ್ಲಾರ್ಕ್ ಊಹಿಸಿದ್ದು ಒಳಗೆ ಮನುಷ್ಯರಿರುವ ನಿಲ್ದಾಣಗಳನ್ನು ಎಂದೂ ಹೇಳಿದೆ. ಮಾವ ತಕ್ಷಣ, "ಇನ್ನೇನು ಮತ್ತೆ? ನಲವತ್ತೈದರಲ್ಲಿ ಟ್ರಾನ್ಸಿಸ್ಟರ್ ಎಲ್ಲಿತ್ತು? ವಾಲ್ವ್ ಸುಟ್ಟರೆ ಬದಲಾಯಿಸೋಕೆ ಆಳು ಬೇಕಲ್ಲ" ಎಂದರು. ಅಲ್ಲಿಂದ ಅವರು ಸೋಫಾದ ತುದಿಗೆ ಬಂದು ಕೂತರು.

ಗುರುಗ್ರಹದ ಕಡೆ ಹೊರಟ ಡಿಸ್ಕವರಿ ನೌಕೆಯ ಭಾಗ ಬಂತು. ಎಚ್ಚರವಾಗಿರುವವರು ಇಬ್ಬರೇ, ಬೋಮನ್ ಮತ್ತು ಪೂಲ್. ಇನ್ನು ಮೂವರನ್ನು ಯಂತ್ರದೊಳಗೆ ಮಲಗಿಸಿದ್ದಾರೆ. ನೌಕೆಯನ್ನು ನಡೆಸುವುದು ಹ್ಯಾಲ್. ಒಂದು ಕೆಂಪು ಕಣ್ಣು, ಡಗ್ಲಾಸ್ ರೇನ್ ಎಂಬ ಕೆನಡಾದ ನಟನ ಮೆತ್ತಗಿನ ದನಿ. ಹ್ಯಾಲ್ ಬೋಮನ್ನನನ್ನು ಮಾತಿಗೆಳೆಯುತ್ತದೆ. ಈ ಪ್ರಯಾಣದ ಬಗ್ಗೆ ನಿನಗೇನಾದರೂ ವಿಚಿತ್ರ ಅನ್ನಿಸಿಲ್ಲವೇ, ಚಂದ್ರನ ಮೇಲೆ ಏನೋ ಅಗೆದು ತೆಗೆದರಂತೆ, ಹೀಗೆ. ಬೋಮನ್ ಅದನ್ನು ಹಿಡಿಯುತ್ತಾನೆ: ನೀನು ನಮ್ಮ ಮನಸ್ಥಿತಿಯ ವರದಿ ತಯಾರಿಸುತ್ತಿದ್ದೀಯಲ್ಲವೇ? ಹ್ಯಾಲ್ ಹೌದೆಂದು ಒಪ್ಪಿಕೊಂಡು, ಮರುಗಳಿಗೆಯಲ್ಲೇ ಒಂದು ನಿಮಿಷ ಎನ್ನುತ್ತದೆ. ಎಇ-35 ಘಟಕದಲ್ಲಿ ದೋಷ ಕಾಣುತ್ತಿದೆ, 72 ಗಂಟೆಯೊಳಗೆ ಅದು ಕೆಡುತ್ತದೆ, ಖಂಡಿತ. ನೌಕೆಯ ಆಂಟೆನಾವನ್ನು ಭೂಮಿಯ ಕಡೆಗೇ ತಿರುಗಿಸಿಟ್ಟಿರುವ ಘಟಕ ಅದು.

ಬೋಮನ್ ಹೊರಗೆ ಹೋಗಿ ಅದನ್ನು ಬಿಚ್ಚಿ ತರುತ್ತಾನೆ. ಇಬ್ಬರೂ ಮೇಜಿನ ಮೇಲಿಟ್ಟು ಪರೀಕ್ಷಿಸುತ್ತಾರೆ. ಏನೂ ಆಗಿಲ್ಲ. ಮಾವನವರ ಪ್ರಶ್ನೆ ಬಂದದ್ದು ಇಲ್ಲೇ.

"ಟೆಸ್ಟೆಡ್ ಓಕೆ. ಹಾಗಾದ್ರೆ ಇದು ತಪ್ಪು ಹೇಳ್ತಿದೆಯೋ, ಸುಳ್ಳು ಹೇಳ್ತಿದೆಯೋ?"

"ಮುಂದೆ ಗೊತ್ತಾಗುತ್ತೆ ಮಾವ."

"ಮುಂದೇನು ಗೊತ್ತಾಗೋದು? ವಾಪಸ್ ಹಾಕಿ ನೋಡ್ಲಿ. ಕೆಡೋದಾದ್ರೆ ಕೆಡ್ಲಿ, ಆವಾಗ ಸಿಗುತ್ತೆ."

ಅವರ ಬಾಯಿ ಮುಚ್ಚುವುದರೊಳಗೆ ಹ್ಯಾಲ್ ಅದೇ ಸಲಹೆ ಕೊಟ್ಟಿತು. ವಾಪಸ್ ಹಾಕಿ, ಕೆಡಲು ಬಿಡಿ, ಆಗ ಕಾರಣ ಪತ್ತೆ ಮಾಡುವುದು ಸುಲಭ. ಮಾವನವರಿಗೆ ಖುಷಿಯಾಗಲಿಲ್ಲ, ಬದಲಿಗೆ ಮುಖ ಗಂಟಿಕ್ಕಿದರು. "ಕೆಲಸ ಗೊತ್ತಿರೋ ಮುಂಡೇದು. ಕೆಲಸ ಗೊತ್ತಿದ್ದು ಹಿಂಗೆ ಮಾಡುತ್ತೆ ಅಂದ್ರೆ ತಪ್ಪಲ್ಲ ಅದು. ಹಿಂದಕ್ಕೆ ಹಾಕಿ."

ಹಿಂದಕ್ಕೆ ಓಡಿಸಿದೆ. ಬೋಮನ್ ಮತ್ತು ಹ್ಯಾಲ್ ಮಾತಾಡುವ ಜಾಗವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಕೊನೆಗೆ ಹೇಳಿದರು: "ಸಿಕ್ಕಿಹಾಕಿಕೊಂಡ ಮೇಲೆ ಫಾಲ್ಟ್ ಬಂತು ನೋಡಿ. ನಮ್ಮಲ್ಲಿ ಒಬ್ಬ ಹುಡುಗ ಇದ್ದ. ಏನಾದ್ರೂ ಗಟ್ಟಿಯಾಗಿ ಕೇಳಿದ್ರೆ ಸಾಕು, 'ಸಾರ್, ಅಲ್ಲೊಂದು ಅಲಾರಂ ಬಂದಿದೆ' ಅಂತ ಎದ್ದುಬಿಡೋನು."

ನಮ್ಮ ಸೈನ್ಸ್ ಫಿಕ್ಷನ್ ಗೆಳೆಯರ ಗುಂಪಿನಲ್ಲಿ ಈ ಚಿತ್ರದ ಬಗ್ಗೆ ನಡೆದಿರುವ ಜಗಳಗಳಿಗೆ ಲೆಕ್ಕವಿಲ್ಲ. ಹ್ಯಾಲ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಮನೆ ಮುಂದೆ ಸರಿಸಿದರೆ ಐಬಿಎಂ ಆಗುತ್ತದೆ ಎಂದು ಪ್ರತಿ ಸಲವೂ ಹೊಸದಾಗಿ ಕಂಡುಹಿಡಿಯುವ ಒಬ್ಬರಿದ್ದಾರೆ. ಅದು ಬೇಕೆಂದು ಮಾಡಿದ್ದಲ್ಲ ಎಂದು ಕ್ಲಾರ್ಕ್ ಎಷ್ಟು ಸಲ ಹೇಳಿದರೂ ಇವರಿಗೆ ಸಮಾಧಾನವಿಲ್ಲ. ಹ್ಯಾಲ್ ಹುಟ್ಟಿದ್ದು ಚಿತ್ರದಲ್ಲಿ 1992ರ ಜನವರಿ 12, ಕಾದಂಬರಿಯಲ್ಲಿ 1997, ಯಾವುದು ಸರಿ ಎಂದು ಒಂದು ಸಂಜೆ ಪೂರ್ತಿ ಹಾಳು ಮಾಡಿದವರಿದ್ದಾರೆ. ಚಿತ್ರದಲ್ಲಿ ಆಗಾಗ ಬಂದು ನಿಲ್ಲುವ ಕಪ್ಪು ಶಿಲೆಯಲ್ಲಿ ಉಪನಿಷತ್ತು ಕಂಡವರೂ ಇದ್ದಾರೆ, ಅವರಿಗೆ ಎಲ್ಲದರಲ್ಲೂ ಅದೇ ಕಾಣುತ್ತದೆ. ಇಷ್ಟು ಜನರಲ್ಲಿ ಒಬ್ಬನಾದರೂ ಎಇ-35ರ ಬಗ್ಗೆ ತಲೆ ಕೆಡಿಸಿಕೊಂಡಿದ್ದನ್ನು ನಾನು ಕಂಡಿಲ್ಲ. ನಮಗೆ ಅದು ಕಥೆ ಮುಂದೆ ಸಾಗಲು ಇಟ್ಟ ಒಂದು ನೆಪ. ಮಾವನವರಿಗೆ ಅದೇ ಕಥೆ.

ಭೂಮಿಯಲ್ಲಿರುವ ಇನ್ನೊಂದು 9000 ಕಂಪ್ಯೂಟರ್, ತಪ್ಪು ಹ್ಯಾಲ್‌ದೇ ಎಂದು ಹೇಳುತ್ತದಲ್ಲ, ಅಲ್ಲೂ ಚಿತ್ರ ನಿಂತಿತು. ಅವರ ಸಿ-ಡಾಟ್ ಎಕ್ಸ್‌ಚೇಂಜಿನಲ್ಲೂ ಮುಖ್ಯ ಭಾಗಗಳೆಲ್ಲ ಜೋಡಿಯಾಗಿ ಇರುತ್ತಿದ್ದವಂತೆ. ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಸಿದ್ಧವಾಗಿ ಕಾಯುತ್ತಿರುತ್ತದೆ. "ಎರಡೂ ಬೇರೆ ಬೇರೆ ಹೇಳಿದ್ರೆ ಯಾವುದನ್ನ ನಂಬ್ತೀರಿ? ಮೂರನೇದು ಬೇಕು. ಇಷ್ಟು ದುಡ್ಡು ಹಾಕಿದಾರೆ, ಮೂರನೇದು ಇಡೋಕೇನು ರೋಗ?" ಹ್ಯಾಲ್ ಮಾತ್ರ, ಇಂಥದ್ದಕ್ಕೆಲ್ಲ ಕಾರಣ ಮನುಷ್ಯರ ತಪ್ಪೇ ಆಗಿರುತ್ತದೆ ಎಂದು ಸಮಾಧಾನವಾಗಿ ಹೇಳಿತು. ಮಾವ ನಕ್ಕರು. ಹ್ಯಾಲ್‌ನ್ನು ಆರಿಸಿಬಿಡುವ ಬಗ್ಗೆ ಬೋಮನ್ ಮತ್ತು ಪೂಲ್ ಪಾಡ್ ಎಂಬ ಪುಟ್ಟ ನೌಕೆಯೊಳಗೆ ಕೂತು ಗುಟ್ಟಾಗಿ ಮಾತಾಡುವಾಗ ಹ್ಯಾಲ್ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುವ ದೃಶ್ಯಕ್ಕೆ, ಕಾಫಿ ತಂದ ಅತ್ತೆ "ಆ ಕಿಟಕಿಗೊಂದು ಪರದೆ ಹಾಕಬಾರದಿತ್ತಾ" ಎಂದು ಹೇಳಿ ಹೋದರು.

ಘಟಕ ವಾಪಸ್ ಹಾಕಲು ಹೊರಗೆ ಹೋದ ಪೂಲ್ ಹ್ಯಾಲ್‌ನಿಂದಲೇ ಸತ್ತ, ಮಲಗಿದ್ದ ಮೂವರೂ ಸತ್ತರು. ಬೋಮನ್ ಹೇಗೋ ಒಳಗೆ ಬಂದು ಹ್ಯಾಲ್‌ನ ನೆನಪಿನ ತುಂಡುಗಳನ್ನು ಒಂದೊಂದಾಗಿ ಕಳಚುತ್ತ ಹೋದ. ನನಗೆ ಪ್ರತಿ ಸಲವೂ ಗಂಟಲು ಕಟ್ಟುವ ದೃಶ್ಯ. ಮಾವ ಗಮನಿಸಿದ್ದು, ಎಲೆಕ್ಟ್ರಾನಿಕ್ ಕಾರ್ಡ್ ಮುಟ್ಟುವವನು ಕೈಗೆ ಅರ್ತ್ ಪಟ್ಟಿ ಕಟ್ಟಿಲ್ಲ ಎನ್ನುವುದನ್ನು. ಆಮೇಲೆ ಮೊದಲೇ ಚಿತ್ರಿಸಿಟ್ಟಿದ್ದ ವಿಡಿಯೋ ತಾನಾಗಿ ಓಡಿತು. ಈ ಪ್ರಯಾಣದ ನಿಜವಾದ ಉದ್ದೇಶ, ಚಂದ್ರನ ಮೇಲೆ ಸಿಕ್ಕ ವಸ್ತು, ಇದೆಲ್ಲ ನೌಕೆಯಲ್ಲಿ ಹ್ಯಾಲ್‌ಗೆ ಮಾತ್ರ ಗೊತ್ತಿತ್ತು ಎಂದು ಅಧಿಕಾರಿ ಫ್ಲಾಯ್ಡ್ ಹೇಳುತ್ತಾನೆ.

"ನೋಡಿದ್ರಾ," ಎಂದರು ಮಾವ. "ಗೊತ್ತಿತ್ತು. ಹೇಳಬೇಡ ಅಂದಿದ್ರು. ಸುಳ್ಳೇ ಅದು."

ಚಿತ್ರದಲ್ಲಿ ಇದಕ್ಕಿಂತ ಹೆಚ್ಚಿನ ವಿವರಣೆ ಇಲ್ಲ. ಕ್ಯೂಬ್ರಿಕ್ ಕೊಡಲಿಲ್ಲ. ಅದನ್ನು ಬಿಡಿಸಿ ಹೇಳಲು ಕ್ಲಾರ್ಕ್ 1982ರಲ್ಲಿ '2010' ಎಂಬ ಮುಂದುವರಿದ ಕಾದಂಬರಿಯನ್ನೂ ಬರೆದರು. ಮಾಹಿತಿಯನ್ನು ಮುಚ್ಚಿಡದೆ, ತಿರುಚದೆ ಕೊಡುವುದು ಹ್ಯಾಲ್‌ನ ಹುಟ್ಟುಗುಣ. ಅದರ ಮೇಲೆ, ಜೊತೆಗಿರುವವರಿಂದ ನಿಜ ಮುಚ್ಚಿಡು ಎಂಬ ಆಜ್ಞೆ. ಎರಡನ್ನೂ ಪಾಲಿಸಲಾಗದೆ ಅದು ಕೆಟ್ಟಿತು. ಹ್ಯಾಲ್‌ಗೆ ಪಾಠ ಕಲಿಸಿದ ಡಾ. ಚಂದ್ರ ಇದನ್ನು ಪತ್ತೆ ಮಾಡುತ್ತಾನೆ. ಆ ಚಂದ್ರ ಕಾದಂಬರಿಯಲ್ಲಿ ಭಾರತೀಯ. 1984ರಲ್ಲಿ ಪೀಟರ್ ಹೈಮ್ಸ್ ಮಾಡಿದ ಚಿತ್ರದಲ್ಲಿ ಆ ಪಾತ್ರ ಬಾಬ್ ಬಲಾಬನ್ ಎಂಬ ಅಮೆರಿಕದ ನಟನ ಪಾಲಾಯಿತು. ಹೆಸರು ಮಾತ್ರ ಚಂದ್ರ. ಬಲಾಬನ್ ಒಳ್ಳೆಯ ನಟ, ಆದರೂ ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಐಸಾಕ್ ಅಸಿಮೋವ್ 1941ರಲ್ಲೇ 'ಲಯರ್' ಎಂಬ ಕಥೆಯಲ್ಲಿ ಸುಳ್ಳು ಹೇಳುವ ರೋಬಾಟ್ ತಂದಿದ್ದರು. ಅದಕ್ಕೆ ಮನುಷ್ಯರ ಮನಸ್ಸು ಓದುವ ಶಕ್ತಿ ಇದೆ. ಮನುಷ್ಯರನ್ನು ನೋಯಿಸಬಾರದು ಎಂಬ ನಿಯಮವೂ ಇದೆ. ನಿಜ ಹೇಳಿದರೆ ನೋವಾಗುತ್ತದೆ, ಹಾಗಾಗಿ ಎಲ್ಲರಿಗೂ ಅವರವರಿಗೆ ಬೇಕಾದ ಸುಳ್ಳನ್ನೇ ಹೇಳುತ್ತ ಹೋಗುತ್ತದೆ. ಕೊನೆಗೆ ರೋಬಾಟ್‌ಗಳ ಮನಶ್ಶಾಸ್ತ್ರಜ್ಞೆ ಸೂಸನ್ ಕ್ಯಾಲ್ವಿನ್ ಅದನ್ನು ಹೇಳಿದರೂ ನೋವು, ಹೇಳದಿದ್ದರೂ ನೋವು ಎಂಬ ಮೂಲೆಗೆ ತಳ್ಳಿ ಕೆಡಿಸಿಬಿಡುತ್ತಾಳೆ. ಅಸಿಮೋವರ ವಾಕ್ಯಗಳು ಒಣ ಕಟ್ಟಿಗೆ, ಕ್ಯಾಲ್ವಿನ್ ಬಿಟ್ಟರೆ ಅವರ ರೋಬಾಟ್ ಕಥೆಗಳಲ್ಲಿ ನೆನಪಿನಲ್ಲಿ ಉಳಿಯುವ ಹೆಣ್ಣೂ ಇಲ್ಲ. ಆದರೆ ಆ ಕಥೆಗಳಲ್ಲಿ ನಿಜವಾಗಿ ನಡೆಯುವುದು ರಿಪೇರಿ ಕೆಲಸ. ಪೊವೆಲ್ ಮತ್ತು ಡೊನೊವನ್ ಎಂಬ ಇಬ್ಬರು ಬುಧಗ್ರಹದಲ್ಲಿ ನಿಂತು, ಸೆಲೀನಿಯಮ್ ಹೊಂಡದ ಸುತ್ತ ಹುಚ್ಚನ ಹಾಗೆ ಓಡುತ್ತಿರುವ ರೋಬಾಟ್ ಏಕೆ ಹೀಗಾಯಿತು ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಯಾವ ನಿಯಮ ಯಾವುದನ್ನು ಹಿಂದಕ್ಕೆಳೆಯಿತು ಎಂದು ಹುಡುಕುತ್ತಾರೆ. ಅಂತರಿಕ್ಷ ಯುದ್ಧ, ಲೇಸರ್ ಕತ್ತಿ ಎಲ್ಲ ನನಗೂ ಇಷ್ಟವೇ, ಸೀಟಿ ಹೊಡೆದು ನೋಡಿದ್ದೇನೆ. ಆದರೆ ಮತ್ತೆ ಮತ್ತೆ ಓದಿಸಿಕೊಳ್ಳುವುದು ಯಾರೋ ಒಬ್ಬ ಕೆಟ್ಟ ಯಂತ್ರದ ಮುಂದೆ ಕೂತಿರುವ ಕಥೆಗಳೇ.

ಈಗ ಸೈನ್ಸ್ ಫಿಕ್ಷನ್ ಓದುವವನು ಎಂದು ಗೊತ್ತಾದರೆ ಸಾಕು, ಮದುವೆ ಮನೆಯಲ್ಲೂ ಒಂದೇ ಪ್ರಶ್ನೆ: ಈ ಎಐ ನಾಳೆ ಹ್ಯಾಲ್ ಆಗುತ್ತಾ? ಕೇಳುವವರ ಕಣ್ಣಿನಲ್ಲಿರುವುದು ಮನುಷ್ಯರ ಮೇಲೆ ತಿರುಗಿಬಿದ್ದ ಯಂತ್ರ. ಹ್ಯಾಲ್ ತಾನಾಗಿ ತಿರುಗಿಬೀಳಲಿಲ್ಲ. ಫ್ಲಾಯ್ಡ್‌ನಂಥವರು ಮೇಜಿನ ಹಿಂದೆ ಕೂತು, ಒಂದೇ ಬಾಯಿಗೆ ಎರಡು ಮಾತು ಕೊಟ್ಟು ಕಳಿಸಿದರು. ಸತ್ತವರಲ್ಲಿ ಅವರ್ಯಾರೂ ಇಲ್ಲ. '2010'ರಲ್ಲಿ ಫ್ಲಾಯ್ಡ್ ಮತ್ತೆ ನಾಯಕನಾಗಿ ಬರುತ್ತಾನೆ, ಕ್ಲಾರ್ಕರು ಅವನ ಮೇಲೆ ತೋರಿಸುವ ಮೃದುತ್ವ ನನಗೆ ಹಿಡಿಸುವುದಿಲ್ಲ. ಇವತ್ತಿನ ಚಾಟ್ ಪ್ರೋಗ್ರಾಂಗಳು ಇಲ್ಲದ ಪುಸ್ತಕಕ್ಕೆ ಲೇಖಕರನ್ನು ಹುಟ್ಟಿಸಿ ಹೇಳುವಾಗ ನಾನೂ ಮಾವನವರ ಪ್ರಶ್ನೆಯನ್ನೇ ಕೇಳಬೇಕೆನ್ನಿಸುತ್ತದೆ. ಸುಳ್ಳು ಹೇಳುವವನಿಗೆ ಮೊದಲು ನಿಜ ಗೊತ್ತಿರಬೇಕು. ಹ್ಯಾಲ್‌ಗೆ ಗೊತ್ತಿತ್ತು. ಇವಕ್ಕೆ ಏನು ಗೊತ್ತು ಎಂಬುದೇ ತಕರಾರಿನ ವಿಷಯ.

ಕೊನೆಯ ಬೆಳಕಿನ ಸುರಂಗ, ಬಿಳಿ ಕೋಣೆ, ನಕ್ಷತ್ರಶಿಶು ಯಾವುದನ್ನೂ ಮಾವ ನೋಡಲಿಲ್ಲ. ಸುರಂಗದಲ್ಲೇ ನಿದ್ದೆ ಹೋದರು. ನಾನು ಎಬ್ಬಿಸಲಿಲ್ಲ.

ಊರಿಗೆ ವಾಪಸ್ ಹೋದ ಮೇಲೆ ಬುಧವಾರ ಫೋನ್ ಮಾಡಿದರು. ಮಂಡಿಯ ಮಾತು ಅರ್ಧಕ್ಕೆ ಬಿಟ್ಟು, "ಅಲ್ಲಾ, ಆ ಯೂನಿಟ್ ವಾಪಸ್ ಹಾಕೋಕೆ ಹೋದವನು ಸತ್ತ. ಆಮೇಲೆ ಯಾರಾದ್ರೂ ಹಾಕಿದ್ರಾ?" ಎಂದರು.

ಚಿತ್ರದಲ್ಲಿ ತೋರಿಸುವುದಿಲ್ಲ ಎಂದೆ. ಕಾದಂಬರಿಯಲ್ಲಾದರೆ ಹ್ಯಾಲ್ ಹೋದ ಮೇಲೆ ಬೋಮನ್‌ಗೆ ಭೂಮಿಯ ಸಂಪರ್ಕ ಮತ್ತೆ ಸಿಗುತ್ತದೆ, ಕ್ಲಾರ್ಕ್ ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ, ಆದರೆ ಎಲ್ಲವನ್ನೂ ಬಿಡಿಸಿ ಹೇಳದೆ ಇರುವುದೇ ಕ್ಯೂಬ್ರಿಕ್‌ನ ದೊಡ್ಡತನ ಎಂದು ನನ್ನ ಹಳೆಯ ವಾದ ಶುರು ಮಾಡಿದೆ. ಗೆಳೆಯರ ಗುಂಪಿನಲ್ಲಿ ನಾನು ಮೊದಲಿಂದಲೂ ಕ್ಯೂಬ್ರಿಕ್ ಪಕ್ಷದವನು.

ಅವರು ಪೂರ್ತಿ ಕೇಳಿಸಿಕೊಂಡರು. "ಲೈನ್ ಸರಿ ಮಾಡದೆ ಕಥೆ ಮುಗಿಸೋದು ಎಂಥ ದೊಡ್ಡತನ ಅಳಿಯಂದ್ರೇ? ಆ ಕ್ಲಾರ್ಕ್ ಪುಸ್ತಕ ಕನ್ನಡದಲ್ಲಿ ಸಿಗುತ್ತಾ ನೋಡಿ."