ಜೇಡಿಮಣ್ಣಿನ ಉಂಡೆಗಳಲ್ಲಿ ಆರ್ಕಿಡ್: ಬೇರು ಮತ್ತು ನೀರಿನ ವಿಚಾರ

ಬೆಂಗಳೂರಿನ ನರ್ಸರಿಗಳಿಂದ ನಾವು ತರುವ ಫೆಲನಾಪ್ಸಿಸ್ ಆರ್ಕಿಡ್‌ಗಳ ಬೇರಿನ ಸುತ್ತ ಹೆಚ್ಚಾಗಿ ಸ್ಫ್ಯಾಗ್ನಮ್ ಪಾಚಿಯನ್ನು ಒತ್ತಿ ತುಂಬಿರುತ್ತಾರೆ. ಹಸಿರುಮನೆಯಲ್ಲಿ ಅಳತೆಯ ನೀರು ಕೊಡುವವರಿಗೆ ಅದು ಅನುಕೂಲಕರವಾದರೂ, ಮನೆಯ ಬಾಲ್ಕನಿಯಲ್ಲಿ ಒಮ್ಮೆ ನೆನೆದ ಪಾಚಿಯ ನಡುಭಾಗ ದಿನಗಟ್ಟಲೆ ಒದ್ದೆಯಾಗಿಯೇ ಉಳಿಯುವುದರಿಂದ ಬೇರಿಗೆ ಗಾಳಿ ಸಿಗದೆ ಕೊಳೆತ ಶುರುವಾಗುತ್ತದೆ. ಗಿಡ ಸತ್ತಾಗ ನೀರು ಹೆಚ್ಚಾಯಿತು ಎನ್ನುವುದು ವಾಡಿಕೆ. ನಿಜವಾಗಿ ಕಡಿಮೆಯಾಗಿರುವುದು ಗಾಳಿ. ನೀರೂ ಗಾಳಿಯೂ ಒಂದೇ ಕುಂಡದಲ್ಲಿ ಒಟ್ಟಿಗೆ ಇರುವಂತೆ ಮಾಡುವ ಸೆಮಿ-ಹೈಡ್ರೋಪಾನಿಕ್ಸ್ ವಿಧಾನವನ್ನು ನಾನು ಮೆಚ್ಚುವುದು ಈ ಕಾರಣಕ್ಕೆ.

ಇದರಲ್ಲಿ ಪಾಚಿಯ ಬದಲು ಬಳಸುವುದು ಜೇಡಿಮಣ್ಣಿನ ಉಂಡೆಗಳನ್ನು. ಅಂಗಡಿಯವರು ‘ಲೆಕಾ’ ಅಥವಾ ‘ಕ್ಲೇ ಬಾಲ್ಸ್’ ಎಂದು ಮಾರುವ ಉಂಡೆಗಳು ಜೇಡಿಮಣ್ಣನ್ನು ತಿರುಗುವ ಗೂಡಿನಲ್ಲಿ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಉಬ್ಬಿ ತಯಾರಾದವು. ಒಳಗೆಲ್ಲ ಸಣ್ಣ ರಂಧ್ರಗಳಿರುವುದರಿಂದ ಅವು ಹಗುರವಾಗಿದ್ದು, ತಳದ ನೀರನ್ನು ಮೇಲಕ್ಕೆ ಹೀರಿಕೊಳ್ಳುತ್ತವೆ. ಉಂಡೆ ಉಂಡೆಗಳ ನಡುವಿನ ಸಂದಿಗಳಲ್ಲಿ ಗಾಳಿ ಉಳಿಯುತ್ತದೆ. ಕುಂಡದ ತಳದಲ್ಲಿ ತೂತು ಇರಬಾರದು. ತಳದಿಂದ ಒಂದು ಅಂಗುಲ ಮೇಲೆ, ಪಕ್ಕದಲ್ಲಿ ಎರಡು ತೂತು ಕೊರೆದರೆ ಅಷ್ಟು ಎತ್ತರದವರೆಗೆ ನೀರು ನಿಂತು, ಮಿಕ್ಕದ್ದು ಹರಿದುಹೋಗುತ್ತದೆ. ಉಂಡೆಗಳನ್ನು ಬಳಸುವ ಮೊದಲು ಧೂಳು ಹೋಗುವವರೆಗೆ ತೊಳೆದು, ಒಂದು ದಿನ ನೆನೆಸಿಡುವುದು ಒಳ್ಳೆಯದು.

ಆದರೆ ಈ ವಿಧಾನದ ಸೋಲು ಗೆಲುವು ನಿರ್ಧಾರವಾಗುವುದು ಬೇರಿನಲ್ಲಿ. ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ ಆರ್ಕಿಡ್‌ಗಳ ಬೇರಿನ ಸುತ್ತ ವೆಲಮೆನ್ ಎಂಬ, ಸತ್ತ ಕೋಶಗಳಿಂದಾದ ಹೀರುಪದರವೊಂದಿರುತ್ತದೆ. ಒಣಗಿದಾಗ ಅದರೊಳಗೆ ಗಾಳಿ ತುಂಬಿ ಬೇರು ಬೆಳ್ಳಿಯ ಬಣ್ಣಕ್ಕೆ ಕಾಣುತ್ತದೆ. ನೀರು ಚಿಮುಕಿಸಿದರೆ ನೋಡನೋಡುತ್ತಲೇ ಪದರ ಪಾರದರ್ಶಕವಾಗಿ, ಒಳಗಿನ ಪತ್ರಹರಿತ್ತಿನ ಹಸಿರು ಹೊಮ್ಮುತ್ತದೆ. ಪಾಚಿಯಲ್ಲೋ ತೊಗಟೆಯಲ್ಲೋ ಹುಟ್ಟಿ ಬೆಳೆದ ಬೇರು ಆ ಪರಿಸರಕ್ಕೆ ಒಗ್ಗಿಕೊಂಡೇ ರೂಪುಗೊಂಡಿರುತ್ತದೆ. ಅದನ್ನು ಸದಾ ತೇವವಿರುವ ಉಂಡೆಗಳಿಗೆ ತಂದಿಟ್ಟರೆ ಅದು ತನ್ನ ಸ್ವಭಾವವನ್ನು ಬದಲಿಸಿಕೊಳ್ಳಲಾರದು, ಬಹುಪಾಲು ನಿಧಾನವಾಗಿ ನಶಿಸುತ್ತದೆ. ಗಿಡವನ್ನು ಮುಂದೆ ಸಾಕುವುದು ಉಂಡೆಗಳ ನಡುವೆಯೇ ಹುಟ್ಟಿ ಇಳಿದ ಹೊಸ ಬೇರುಗಳು. ಆದ್ದರಿಂದ ಕಾಂಡದ ಬುಡದಲ್ಲಿ ಹೆಸರುಕಾಳಿನಷ್ಟು ದಪ್ಪದ ಹಸಿರು ಮೊನೆಗಳು ಕಾಣಿಸಿಕೊಂಡಾಗಲೇ ಗಿಡವನ್ನು ಉಂಡೆಗಳಿಗೆ ಬದಲಿಸಬೇಕು. ಹೂವಿನಲ್ಲಿರುವ ಗಿಡವನ್ನಾಗಲಿ, ಡಿಸೆಂಬರ್‌ನ ಚಳಿಯಲ್ಲಿ ಸುಮ್ಮನೆ ಕುಳಿತ ಗಿಡವನ್ನಾಗಲಿ ಮುಟ್ಟದಿರುವುದೇ ಲೇಸು. ಬದಲಿಸುವಾಗ ಹಳೆಯ ಪಾಚಿಯ ಎಳೆಯೊಂದೂ ಉಳಿಯದಂತೆ ಬಿಡಿಸಿ, ಹಿಸುಕಿದರೆ ಮೆತ್ತಗೆ ಪೊಳ್ಳಾಗಿರುವ ಬೇರುಗಳನ್ನು ಕತ್ತರಿಸಬೇಕು.

ಇನ್ನು ನೀರು. ಬೆಂಗಳೂರಿನಲ್ಲಿ ಇದನ್ನು ಬೆಳೆಸುವವರಿಗೆ ನಾನು ಎಲ್ಲಕ್ಕಿಂತ ಒತ್ತಿ ಹೇಳಬಯಸುವುದು ಇದನ್ನೇ. ಕೊಳವೆಬಾವಿಯ ನೀರು ಇಲ್ಲಿನ ಬಹಳಷ್ಟು ಬಡಾವಣೆಗಳಲ್ಲಿ ಗಡಸು. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಮನುಷ್ಯರಿಗೆ ಸರಿಹೋಗುವ ಆ ಪ್ರಮಾಣ ಗೊಬ್ಬರ ಬೆರೆಸುವ ಮೊದಲೇ ನೀರಿನಲ್ಲಿದ್ದರೆ ಆರ್ಕಿಡ್ ಬೇರಿಗೆ ವಿಪರೀತ. ಉಂಡೆಗಳು ನೀರನ್ನು ಮೇಲಕ್ಕೆಳೆದು ಆವಿಯಾಗಲು ಬಿಡುವುದರಿಂದ, ಅದರಲ್ಲಿದ್ದ ಸುಣ್ಣದಂಶವೆಲ್ಲ ಮೇಲಿನ ಸಾಲಿನ ಉಂಡೆಗಳ ಮೇಲೆ ಬಿಳಿಯ ಹಕ್ಕಳೆಯಾಗಿ ಕೂರುತ್ತದೆ. ಮೇಲಿನಿಂದ ಇಳಿಯುವ ಎಳೆಯ ಬೇರಿನ ತುದಿ ಆ ಹಕ್ಕಳೆಯನ್ನು ತಾಗಿದ ಜಾಗದಲ್ಲೇ ಕಪ್ಪಾಗಿ ನಿಂತುಬಿಡುತ್ತದೆ.

ಇದಕ್ಕೆ ನನಗೆ ಒಪ್ಪಿಗೆಯಾದ ಪರಿಹಾರ ಮಳೆನೀರು. 2009ರ ಕಾಯಿದೆಯ ನಂತರ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಗಿರುವುದರಿಂದ ಅನೇಕ ಮನೆಗಳಲ್ಲಿ ಅದು ಹೇಗೂ ಲಭ್ಯವಿದೆ. ಮಳೆನೀರು ಮುಗಿದ ತಿಂಗಳುಗಳಲ್ಲಿ ಆರ್‌ಓ ಯಂತ್ರದ ಶುದ್ಧ ನೀರು ಆಗುತ್ತದೆ. ಅದು ಹೊರಹಾಕುವ ತ್ಯಾಜ್ಯ ನೀರನ್ನು ಮಾತ್ರ ಆರ್ಕಿಡ್‌ಗೆ ಎಂದಿಗೂ ಹಾಕಬಾರದು. ವಾರಕ್ಕೊಮ್ಮೆಯಾದರೂ ಕುಂಡದ ಕಂಠದವರೆಗೆ ನೀರು ತುಂಬಿ ತೂತುಗಳಿಂದ ಹರಿದುಹೋಗಲು ಬಿಡಬೇಕು. ಹೀಗೆ ಮಾಡಿದಾಗ ಕೂಡಿಕೊಂಡ ಲವಣ ತೊಳೆದುಹೋಗುವುದರ ಜೊತೆಗೆ, ಇಳಿಯುವ ನೀರಿನ ಹಿಂದೆಯೇ ಹೊಸ ಗಾಳಿ ಬೇರಿನವರೆಗೆ ಹೋಗುತ್ತದೆ. ಹರಿದ ನೀರು ತಟ್ಟೆಯಲ್ಲಿ ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ಆಶ್ರಯವಾಗುತ್ತದೆ, ಕೂಡಲೇ ಚೆಲ್ಲಬೇಕು.

ಉಂಡೆಗಳಲ್ಲಿ ಪೋಷಕಾಂಶ ಇಲ್ಲವೇ ಇಲ್ಲ ಎನ್ನಬಹುದು, ಹಾಗಾಗಿ ಗೊಬ್ಬರ ನಾವೇ ಕೊಡಬೇಕು. ಗೊಬ್ಬರದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಗೊಬ್ಬರದ ಸಾರಜನಕದಲ್ಲಿ ದೊಡ್ಡ ಪಾಲು ಯೂರಿಯಾ ರೂಪದ್ದು. ಮಣ್ಣಿನಲ್ಲಾದರೆ ಸೂಕ್ಷ್ಮಜೀವಿಗಳು ಅದನ್ನು ಗಿಡಕ್ಕೆ ಒದಗುವಂತೆ ಪರಿವರ್ತಿಸುತ್ತವೆ. ಸುಟ್ಟ ಉಂಡೆಗಳಲ್ಲಿ ಆ ಕೆಲಸ ಅಷ್ಟಾಗಿ ನಡೆಯದು. ಜೊತೆಗೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಮಳೆನೀರಿನಲ್ಲೂ ಇಲ್ಲವೆನ್ನುವಷ್ಟು ಕಡಿಮೆ. ನಾನು ಒಂದು ವಾರ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದು ವಾರ ಎಪ್ಸಮ್ ಉಪ್ಪು (ಮೆಗ್ನೀಷಿಯಂ ಸಲ್ಫೇಟ್) ಬೆರೆಸಿದ ಸಾಮಾನ್ಯ ಗೊಬ್ಬರ ಕೊಡುತ್ತೇನೆ. ಪ್ರತಿ ಬಾರಿಯೂ ಒಟ್ಟು ಪ್ರಮಾಣ ಲೀಟರಿಗೆ ಅರ್ಧ ಗ್ರಾಂ ಮೀರುವುದಿಲ್ಲ. ಎರಡನ್ನೂ ಗಟ್ಟಿ ದ್ರಾವಣದಲ್ಲಿ ಬೆರೆಸಿದರೆ ಕ್ಯಾಲ್ಸಿಯಂ ಗಷ್ಟಾಗಿ ತಳ ಸೇರುತ್ತದೆ.

ಎಲ್ಲ ಆರ್ಕಿಡ್‌ಗಳಿಗೂ ಈ ವಿಧಾನ ಹೊಂದುವುದಿಲ್ಲ. ಬೇರುಗಳನ್ನು ಗಾಳಿಯಲ್ಲಿ ಇಳಿಬಿಡುವ ವಾಂಡಾಕ್ಕೂ, ಮರದ ಕೊಂಬೆಯಲ್ಲಿ ಮಳೆಗೆ ನೆನೆದು ಬೇಗ ಒಣಗುವ ನಮ್ಮ ಮಲೆನಾಡಿನ ಸೀತಾಳೆ ದಂಡೆಗೂ ಮರದ ತುಂಡು ಅಥವಾ ಬರಿಯ ಬುಟ್ಟಿಯೇ ಸರಿ. ಚಳಿಗಾಲದಲ್ಲಿ ಒಣ ವಿಶ್ರಾಂತಿ ಬಯಸುವ ಕೆಲವು ಡೆಂಡ್ರೋಬಿಯಂಗಳಿಗೆ ತಳದಲ್ಲಿ ಸದಾ ನಿಂತ ನೀರು ಹಿತವಲ್ಲ. ಫೆಲನಾಪ್ಸಿಸ್ ಮತ್ತು ಆನ್ಸಿಡಿಯಂ ಬಳಗದವು ಚೆನ್ನಾಗಿ ಒಗ್ಗುತ್ತವೆ. ಉಂಡೆಗಳಿಂದ ನೀರು ಆವಿಯಾಗುವಾಗ ಬೇರಿನ ಸುತ್ತ ತಂಪಾಗುವುದು ಏಪ್ರಿಲ್‌ನ ಧಾರವಾಡದಲ್ಲಿ ವರವಾದರೆ, ಜನವರಿಯ ಬೆಂಗಳೂರಿನ ರಾತ್ರಿಯಲ್ಲಿ ತೊಂದರೆ. ಆ ತಿಂಗಳುಗಳಲ್ಲಿ ಕುಂಡವನ್ನು ಒಳಗೆ ಬೆಚ್ಚಗೆ ಇಟ್ಟು, ಬೆಳಗಿನ ಹೊತ್ತಿನಲ್ಲೇ ನೀರು ಹಾಕಬೇಕು.

ಉಂಡೆ ಕೊಳೆಯುವುದಿಲ್ಲವಾದ್ದರಿಂದ, ತೊಗಟೆಯಂತೆ ಎರಡು ವರ್ಷಕ್ಕೊಮ್ಮೆ ಬದಲಿಸುವ ಗೋಜಿಲ್ಲ. ಗಿಡಕ್ಕೆ ಕುಂಡ ಸಾಲದಾದಾಗ ಬೇರಿಗೆ ಅಂಟಿಕೊಂಡ ಉಂಡೆಗಳನ್ನು ಕೀಳಲು ಹೋಗದೆ, ಇಡೀ ಗುಡ್ಡೆಯನ್ನು ಹಾಗೆಯೇ ಎತ್ತಿ ದೊಡ್ಡ ಕುಂಡಕ್ಕಿಳಿಸಿ, ಸುತ್ತಲೂ ನೆನೆಸಿದ ಹೊಸ ಉಂಡೆಗಳನ್ನು ತುಂಬಿದರೆ ಸಾಕು.